ಕಿವುಡರಿಗೂ ಟಿಕ್ ಬರುತ್ತದೆಯೇ? ಕೈಯಲ್ಲಿ ಬರುವ 'ಬೈಗುಳ'ದ ಹಿಂದಿನ ಕಾರಣವೇನು?

ಒಂದೇ ನೋಟದಲ್ಲಿ

- ಟಿಕ್ ಎಂದರೆ ಬೇಕೆಂದು ಮಾಡದೆಯೇ ಪದೇ ಪದೇ ಬರುವ ಚಲನೆ ಅಥವಾ ಶಬ್ದ. ಇದು ಕೆಟ್ಟ ಚಟವಲ್ಲ, ಅಂಟುರೋಗವೂ ಅಲ್ಲ.
- ಕಿವಿ ಕೇಳದವರಿಗೂ ಟಿಕ್ ಬರುತ್ತದೆ. ಸನ್ನೆ ಭಾಷೆ ಬಲ್ಲವರಲ್ಲಿ ಅದು ಕೆಲವೊಮ್ಮೆ ಸನ್ನೆಯ ಪದವಾಗಿಯೇ ಹೊರಬರುತ್ತದೆ. ಅಪರೂಪಕ್ಕೆ ಆ ಪದ ಬೈಗುಳವೂ ಆಗಿರಬಹುದು.
- ಸನ್ನೆ ಭಾಷೆಯಲ್ಲಿ ಹುಬ್ಬು, ಬಾಯಿ, ತಲೆ ಆಡಿಸುವುದು ವ್ಯಾಕರಣದ ಭಾಗ. ಅದನ್ನೆಲ್ಲ ಟಿಕ್ ಎಂದುಕೊಳ್ಳುವುದು ತಪ್ಪು.
- ಹೆಚ್ಚಿನವರಿಗೆ ಔಷಧ ಬೇಕಾಗುವುದಿಲ್ಲ. ಬೇಕಾದವರಿಗೆ ಚಿಕಿತ್ಸೆ ಇದೆ.
- ಇಂಥವರ ವಿಡಿಯೊ ಮಾಡಿ ಗೇಲಿಯ ಶೀರ್ಷಿಕೆ ಹಾಕಿ ಹಂಚುವುದು ಕಾನೂನಿನ ತೊಂದರೆಯನ್ನೂ ತರಬಹುದು.

ಸಂದೇಶಗಳು ಏನು ಹೇಳುತ್ತವೆ?

ಮಗು ಪದೇ ಪದೇ ಕಣ್ಣು ಮಿಟುಕಿಸಿದರೆ 'ಮೊಬೈಲ್ ನೋಡಿ ಹೀಗಾಗಿದೆ', 'ಹೊಟ್ಟೆಯಲ್ಲಿ ಜಂತುಹುಳ ಇದೆ', 'ದೃಷ್ಟಿ ತಗುಲಿದೆ' ಎಂಬ ಮಾತುಗಳು ಮನೆಯ ಗುಂಪಿನಲ್ಲಿ ಬರುವುದು ಹೊಸದೇನಲ್ಲ. ಕಿವುಡರ ವಿಷಯಕ್ಕೆ ಬಂದರೆ ಮಾತು ಇನ್ನೂ ಬಿರುಸಾಗುತ್ತದೆ. ಬಸ್ಸಿನಲ್ಲೋ ಮೆಟ್ರೊದಲ್ಲೋ ಒಬ್ಬರು ಕೈಯಿಂದ ಅಸಭ್ಯ ಸನ್ನೆ ಮಾಡಿದ ಹತ್ತು ಸೆಕೆಂಡಿನ ವಿಡಿಯೊ ಬಂದರೆ, ನೋಡಿದವರು ಕೂಡಲೇ ತೀರ್ಪು ಕೊಟ್ಟುಬಿಡುತ್ತಾರೆ. ಕುಡಿದಿದ್ದಾನೆ, ಕೊಬ್ಬು, ತಲೆ ಕೆಟ್ಟಿದೆ. ಕಿವುಡರಿಗೆ 'ಅಂಥ ಕಾಯಿಲೆ' ಬರುವುದಿಲ್ಲ, ಏಕೆಂದರೆ ಅದು ಮಾತಿನ ಕಾಯಿಲೆ ಎನ್ನುವವರೂ ಇದ್ದಾರೆ.

ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ಒಂದೊಂದಾಗಿ ನೋಡೋಣ.

ಟಿಕ್ ಎಂದರೇನು?

ಕಣ್ಣು ಮಿಟುಕಿಸುವುದು, ಮೂಗು ಸಿಂಡರಿಸುವುದು, ಭುಜ ಕುಣಿಸುವುದು, ಕುತ್ತಿಗೆ ಎಳೆಯುವುದು ಚಲನೆಯ ಟಿಕ್‌ಗಳು. ಗಂಟಲು ಸರಿಪಡಿಸುವುದು, ಮೂಗು ಎಳೆಯುವುದು, ಹೂಂಕರಿಸುವುದು, ಪದಗಳನ್ನು ಕೂಗುವುದು ಧ್ವನಿಯ ಟಿಕ್‌ಗಳು. ಎರಡು ಅಥವಾ ಹೆಚ್ಚು ಚಲನೆಯ ಟಿಕ್‌ಗಳೂ ಕನಿಷ್ಠ ಒಂದು ಧ್ವನಿಯ ಟಿಕ್ಕೂ ಇದ್ದು, 18 ವರ್ಷಕ್ಕೆ ಮೊದಲೇ ಶುರುವಾಗಿ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿದ್ದರೆ, ಮತ್ತು ಅದಕ್ಕೆ ಬೇರೆ ಕಾಯಿಲೆಯೋ ಔಷಧವೋ ಕಾರಣವಲ್ಲದಿದ್ದರೆ ವೈದ್ಯರು ಅದನ್ನು ಟುರೆಟ್ ಸಿಂಡ್ರೋಮ್ ಎನ್ನುತ್ತಾರೆ. 1885ರಲ್ಲಿ ಇಂಥ 9 ರೋಗಿಗಳ ಬಗ್ಗೆ ಬರೆದ ಫ್ರೆಂಚ್ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಅವರ ಹೆಸರೇ ಇದಕ್ಕೆ ಬಂದಿದೆ.

ಸಾಮಾನ್ಯವಾಗಿ 4ರಿಂದ 6 ವರ್ಷದಲ್ಲಿ ಟಿಕ್ ಶುರುವಾಗುತ್ತದೆ. 10ರಿಂದ 12ರ ಹೊತ್ತಿಗೆ ಹೆಚ್ಚು ತೀವ್ರವಾಗಿರುತ್ತದೆ. ಹದಿಹರೆಯ ಕಳೆಯುತ್ತ ಬಹಳ ಮಂದಿಗೆ ತಗ್ಗುತ್ತದೆ. ಶಾಲಾ ವಯಸ್ಸಿನ 1000 ಮಕ್ಕಳಲ್ಲಿ 3ರಿಂದ 8 ಮಕ್ಕಳಿಗೆ ಟುರೆಟ್ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು. ಹುಡುಗಿಯರಿಗಿಂತ ಹುಡುಗರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಕೆಲವು ವಾರ, ತಿಂಗಳು ಇದ್ದು ತಾನಾಗಿಯೇ ಹೋಗುವ ಟಿಕ್‌ಗಳು ಇದಕ್ಕಿಂತ ಎಷ್ಟೋ ಹೆಚ್ಚು ಮಕ್ಕಳಲ್ಲಿ ಕಾಣುತ್ತವೆ.

ಟಿಕ್ ಬರುವ ಮೊದಲು ಬಹುತೇಕರಿಗೆ ಒಳಗೊಂದು ಒತ್ತಡ ಹುಟ್ಟುತ್ತದೆ. ಸೀನು ಬರುವ ಮುಂಚಿನ ಕಿರಿಕಿರಿಯಂತೆ, ಬೆರಳಿನ ನೆಟಿಗೆ ತೆಗೆಯಲೇಬೇಕು ಅನ್ನಿಸುವಂತೆ. ಟಿಕ್ ಆದ ಮೇಲೆ ಕ್ಷಣಕಾಲ ಹಗುರವಾಗುತ್ತದೆ. ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು, ಆದರೆ ತಡೆಯುವುದಕ್ಕೆ ಬಹಳ ಶ್ರಮ ಬೇಕು. ಆದ್ದರಿಂದಲೇ 'ಮೇಷ್ಟ್ರ ಮುಂದೆ ಸುಮ್ಮನಿರುತ್ತಾನೆ, ಮನೆಯಲ್ಲಿ ಬೇಕೆಂದೇ ಮಾಡುತ್ತಾನೆ' ಎಂಬ ದೂರು ಸರಿಯಲ್ಲ. ಶಾಲೆಯಲ್ಲಿ ತಡೆಹಿಡಿದದ್ದು ಮನೆಗೆ ಬಂದ ಮೇಲೆ ಹೊರಬರುತ್ತದೆ.

ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗವೂ ಮಿದುಳಿನ ಮುಂಭಾಗವೂ ಸೇರಿ ಯಾವ ಚಲನೆ ಆಗಬೇಕು, ಯಾವುದನ್ನು ತಡೆಯಬೇಕು ಎಂದು ತೀರ್ಮಾನಿಸುತ್ತವೆ. ಈ ಜಾಲದಲ್ಲಿನ ವ್ಯತ್ಯಾಸವೇ ಟಿಕ್‌ಗೆ ಮೂಲ ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಅನುವಂಶಿಕತೆಯ ಪಾತ್ರ ದೊಡ್ಡದು. ಜಂತುಹುಳ ಇದಕ್ಕೆ ಕಾರಣವಲ್ಲ. ತಂದೆತಾಯಿ ಬೆಳೆಸಿದ ರೀತಿಯೂ ಕಾರಣವಲ್ಲ.

ಕಿವುಡರಲ್ಲಿ ಟಿಕ್ ಹೇಗೆ ಕಾಣುತ್ತದೆ?

ಮೇಲೆ ಹೇಳಿದ ಮಿದುಳಿನ ಜಾಲಕ್ಕೂ ಕಿವಿಗೂ ನೇರ ಸಂಬಂಧವಿಲ್ಲ. ಹಾಗಾಗಿ ಕಿವುಡರಿಗೂ ಎಲ್ಲರಂತೆ ಕಣ್ಣು, ಕುತ್ತಿಗೆ, ಭುಜದ ಟಿಕ್ ಬರುತ್ತದೆ. ಧ್ವನಿಯ ಟಿಕ್ ಕೂಡ ಬರುತ್ತದೆ. ಕಿವುಡರ ಗಂಟಲಿಗೆ ಏನೂ ಆಗಿರುವುದಿಲ್ಲ. 'ಕಿವುಡ-ಮೂಗ' ಎಂಬ ಹಳೆಯ ಜೋಡಿಪದ ತಪ್ಪು ಎನ್ನುವುದು ಇದಕ್ಕೇ. ಅವರಿಗೆ ಧ್ವನಿ ಇದೆ. ಗಂಟಲು ಕೆರೆಯುವುದು, ಹೂಂಕಾರ, ಮೂಗು ಎಳೆಯುವುದು ಎಲ್ಲವೂ ಅವರಲ್ಲಿ ಟಿಕ್ ಆಗಿ ಬರಬಹುದು. ವ್ಯತ್ಯಾಸವಿಷ್ಟೇ: ಆ ಶಬ್ದ ಎಷ್ಟು ಜೋರಾಗಿದೆ ಎಂದು ಅವರಿಗೇ ಕೇಳಿಸುವುದಿಲ್ಲ. ಪಕ್ಕದಲ್ಲಿದ್ದವರು ತಿರುಗಿ ನೋಡಿದಾಗಲೇ ಗೊತ್ತಾಗುತ್ತದೆ.

ಮೂರನೆಯ ಬಗೆಯೊಂದಿದೆ. ಅದು ಸನ್ನೆ ಟಿಕ್. ದಿನವೂ ಸನ್ನೆ ಭಾಷೆಯಲ್ಲಿ ಮಾತಾಡುವವರಲ್ಲಿ, ಸಂದರ್ಭಕ್ಕೆ ಬೇಡದ ಒಂದು ಸನ್ನೆಯ ಪದ ಮಾತಿನ ಮಧ್ಯೆ ನುಗ್ಗಿಬರಬಹುದು. ಅದೇ ಪದ ಎರಡು ಮೂರು ಸಲ ಮರುಕಳಿಸಬಹುದು. ಎದುರಿನವರ ಸನ್ನೆಯನ್ನೇ ಕೈ ನಕಲು ಮಾಡಬಹುದು. ಕೇಳುವವರಲ್ಲಿ ಬಾಯಿಂದ ಬರುವ ಟಿಕ್‌ಗೂ ಇದೇ ಮೂರು ರೂಪಗಳಿವೆ.

ಇದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿರುವ ಸಂಗತಿ. 1993ರಲ್ಲಿ ಟೊರಾಂಟೊದ ನರರೋಗ ತಜ್ಞ ಆಂಟನಿ ಲ್ಯಾಂಗ್ ಮತ್ತು ಸಹೋದ್ಯೋಗಿಗಳು 'ಅನಲ್ಸ್ ಆಫ್ ನ್ಯೂರಾಲಜಿ' ಪತ್ರಿಕೆಯಲ್ಲಿ ಸನ್ನೆ ಟಿಕ್‌ಗಳ ಬಗ್ಗೆ ಬರೆದರು. 2000ದಲ್ಲಿ ಬ್ರಿಟನ್ನಿನ ವೈದ್ಯರು 'ಮೂವ್‌ಮೆಂಟ್ ಡಿಸಾರ್ಡರ್ಸ್' ಪತ್ರಿಕೆಯಲ್ಲಿ, ಮಾತು ಕಲಿಯುವ ಮೊದಲೇ ಕಿವುಡಾಗಿದ್ದ ಒಬ್ಬ ವ್ಯಕ್ತಿಯ ಸನ್ನೆ ಭಾಷೆಯ ಟಿಕ್‌ಗಳನ್ನು ವಿವರಿಸಿದರು. 2001ರಲ್ಲಿ ಡೆನ್ಮಾರ್ಕಿನ ವೈದ್ಯರು ಹುಟ್ಟು ಕಿವುಡಾದ ಮಗುವೊಂದರ ಟುರೆಟ್ ಬಗ್ಗೆ ವರದಿ ಮಾಡಿದರು. ಇಂಥ ವರದಿಗಳು ಕೆಲವೇ ಇವೆ. ಆದರೆ 'ಕಿವುಡರಿಗೆ ಟುರೆಟ್ ಬರುವುದೇ ಇಲ್ಲ' ಎಂಬ ಮಾತನ್ನು ಸುಳ್ಳು ಮಾಡಲು ಅಷ್ಟೇ ಸಾಕು.

ಬೈಗುಳ ಕೈಗೆ ಬರುವುದು ಹೇಗೆ?

ಟುರೆಟ್ ಎಂದ ಕೂಡಲೇ ಸಿನಿಮಾ ನೋಡಿದವರಿಗೆ ನೆನಪಾಗುವುದು ತಡೆಯಿಲ್ಲದ ಬೈಗುಳ. ಇದಕ್ಕೆ ಕಾಪ್ರೊಲೇಲಿಯಾ ಎಂದು ಹೆಸರು. ನಿಜವಾಗಿ ಇದು ಟುರೆಟ್ ಇರುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ, ಹೆಚ್ಚೆಂದರೆ ಇನ್ನೂ ಸ್ವಲ್ಪ ಜಾಸ್ತಿ ಮಂದಿಗೆ ಮಾತ್ರ ಇರುತ್ತದೆ.

ಕೇಳುವವನಿಗೆ ಬೈಗುಳ ನಾಲಿಗೆಯಲ್ಲಿದೆ. ಸನ್ನೆ ಭಾಷೆಯಲ್ಲಿ ಬೆಳೆದವನಿಗೆ ಅದೇ ಪದ ಕೈಯಲ್ಲಿದೆ. ಟಿಕ್ ಹಿಡಿಯುವುದು ಗಂಟಲನ್ನಲ್ಲ, ಮಿದುಳಿನಲ್ಲಿರುವ 'ಹೇಳಬಾರದ ಪದ'ವನ್ನು ಎಂಬುದಕ್ಕೆ ಇದು ಒಳ್ಳೆಯ ಸುಳಿವು. ಸನ್ನೆ ಭಾಷೆ ಬರೀ ಕೈಬೀಸಾಟವಲ್ಲ, ಪೂರ್ಣ ಭಾಷೆ ಎಂಬುದಕ್ಕೆ ಬೇರೆ ಪುರಾವೆಗಳೂ ಇವೆ. ಅಮೆರಿಕದ ಉರ್ಸುಲಾ ಬೆಲ್ಲೂಗಿ, ಎಡ್ವರ್ಡ್ ಕ್ಲಿಮಾ ಮತ್ತು ಹೊವರ್ಡ್ ಪಾಯ್ಜ್ನರ್ 1987ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮಿದುಳಿನ ಎಡಭಾಗಕ್ಕೆ ಪಾರ್ಶ್ವವಾಯುವಿನಿಂದ ಪೆಟ್ಟಾದ ಕಿವುಡರು ಸನ್ನೆ ಭಾಷೆಯನ್ನೇ ಕಳೆದುಕೊಳ್ಳುವುದನ್ನು ತೋರಿಸಿದರು. ಕೇಳುವವರು ಮಾತು ಕಳೆದುಕೊಳ್ಳುವುದೂ ಅದೇ ಭಾಗಕ್ಕೆ ಪೆಟ್ಟಾದಾಗ.

ಇಲ್ಲಿ ಒಂದು ಎಚ್ಚರಿಕೆ. ಕಿವುಡರು ಮಾಡುವ ಪ್ರತಿ ಒರಟು ಸನ್ನೆಯೂ ಟಿಕ್ ಅಲ್ಲ. ಎಲ್ಲರಂತೆ ಅವರೂ ಸಿಟ್ಟು ಬಂದಾಗ ಬೈಯುತ್ತಾರೆ. ಟಿಕ್ ಆಗಿದ್ದರೆ ಅದೇ ಸನ್ನೆ ಬೇರೆ ಬೇರೆ ಕಡೆ, ಜಗಳವೇ ಇಲ್ಲದಾಗಲೂ, ಒಬ್ಬರೇ ಇರುವಾಗಲೂ ಬರುತ್ತದೆ. ಆದರೆ ಕೆಲವೊಮ್ಮೆ ಟಿಕ್ ಎದುರಿಗಿರುವವರನ್ನು ಕುರಿತೇ ಆಡಿದಂತೆ ಕಾಣುವುದೂ ಉಂಟು. ಹತ್ತು ಸೆಕೆಂಡಿನ ವಿಡಿಯೊ ನೋಡಿ ಇದನ್ನು ಯಾರೂ ತೀರ್ಮಾನಿಸಲಾರರು, ವೈದ್ಯರೂ ಸಹ.

ವ್ಯಾಕರಣವೇ ಟಿಕ್‌ನಂತೆ ಕಂಡರೆ?

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗಬಹುದು. ಭಾರತೀಯ ಸಂಜ್ಞಾ ಭಾಷೆಯಲ್ಲಿ ಹುಬ್ಬೇರಿಸಿ ಕಣ್ಣರಳಿಸಿದರೆ ವಾಕ್ಯ 'ಹೌದೋ ಅಲ್ಲವೋ' ಎಂಬ ಪ್ರಶ್ನೆಯಾಗುತ್ತದೆ. ತಲೆ ಅಡ್ಡ ಆಡಿಸಿದರೆ ವಾಕ್ಯ ನಿಷೇಧವಾಗುತ್ತದೆ. ಬಾಯಿಯ ಆಕಾರ, ಕೆನ್ನೆ ಉಬ್ಬಿಸುವುದು ಸಹ ಅರ್ಥ ಸೇರಿಸಬಹುದು. ಕನ್ನಡದಲ್ಲಿ 'ಬಂದ' ಎಂಬುದು 'ಬಂದನೇ?' ಆಗುವಾಗ ಕೊನೆಗೆ ಸೇರುವ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಹುಬ್ಬು ಮಾಡುತ್ತದೆ. ಸನ್ನೆ ಭಾಷೆ ತಿಳಿಯದ ಶಿಕ್ಷಕರಿಗೋ ವೈದ್ಯರಿಗೋ ಇದೆಲ್ಲ ಮುಖದ ಟಿಕ್ ಅನ್ನಿಸಬಹುದು. ನಿಜವಾದ ಟಿಕ್ ಇದ್ದರೆ 'ಅದು ಅವರ ಭಾಷೆಯಿರಬೇಕು' ಎಂದು ಬಿಟ್ಟುಬಿಡುವ ಅಪಾಯವೂ ಇದೆ.

ಆದ್ದರಿಂದ ಆ ವ್ಯಕ್ತಿಯ ಸನ್ನೆಯನ್ನು ಬಲ್ಲವರು ತಪಾಸಣೆಯ ವೇಳೆ ಜೊತೆಗಿರಬೇಕು. ಎಲ್ಲ ಕಿವುಡರ ಸನ್ನೆಯೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಿ. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಹುಟ್ಟು ಕಿವುಡುತನ ಹೆಚ್ಚಾಗಿದ್ದು, ಅಲ್ಲಿ ಊರಿನದೇ ಆದ ಸನ್ನೆ ಭಾಷೆ ಬೆಳೆದಿದೆ. 2012ರಲ್ಲಿ ಅದರ ಬಗ್ಗೆ ಭಾಷಾಶಾಸ್ತ್ರದ ಅಧ್ಯಯನವೂ ಪ್ರಕಟವಾಗಿದೆ. ಅಂಥ ಊರಿನಿಂದ ಬಂದವರಿಗೆ ನಗರದ ದುಭಾಷಿಯ ಸನ್ನೆ ಪೂರ್ತಿ ಹೊಂದದೆ ಇರಬಹುದು. ಇನ್ನು ಕೆಲವು ಮಕ್ಕಳಿಗೆ ಮನೆಯವರೇ ರೂಢಿಸಿಕೊಂಡ ಕೈಸನ್ನೆಯಷ್ಟೇ ಗೊತ್ತಿರುತ್ತದೆ. 'ಟಿಕ್ ಬರುವ ಮುಂಚೆ ನಿನಗೆ ಏನನ್ನಿಸುತ್ತದೆ?' ಎಂಬ ಪ್ರಶ್ನೆಗೆ ಉತ್ತರಿಸಲು ಭಾಷೆ ಬೇಕು. ಆ ಭಾಷೆಯೇ ಮಗುವಿಗೆ ಸಿಕ್ಕಿರದಿದ್ದರೆ ರೋಗ ಪತ್ತೆ ತಡವಾಗುತ್ತದೆ.

ಕಣ್ಣು ಮುಚ್ಚಿದರೆ ಪಾಠ ತಪ್ಪುತ್ತದೆ

ಕೇಳುವ ಮಗು ಪದೇ ಪದೇ ಕಣ್ಣು ಮುಚ್ಚಿದರೂ ಶಿಕ್ಷಕರ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಕಿವುಡ ಮಗು ಕಣ್ಣು ಮುಚ್ಚಿದಷ್ಟು ಹೊತ್ತೂ ಪಾಠ ನಿಂತಂತೆ. ಕುತ್ತಿಗೆ ಪಕ್ಕಕ್ಕೆ ಸೆಳೆದರೂ ಅಷ್ಟೇ. ಕೈಗೆ ಟಿಕ್ ಬಂದರೆ ಅದು ಹೇಳುತ್ತಿದ್ದ ಮಾತು ನಡುವೆ ತುಂಡಾಗುತ್ತದೆ, ಉಗ್ಗು ಬಂದವರ ಹಾಗೆ. ಕಿವಿಯಂತ್ರ ಹಾಕಿದ್ದರೆ ಜೋರಾದ ತಲೆಯ ಟಿಕ್‌ಗೆ ಅದು ಜಾರಿ ಬೀಳಬಹುದು.

ಹಾಗಾಗಿ ಬೇರೆ ಮಗುವಿನಲ್ಲಿ 'ಸಣ್ಣ ಟಿಕ್, ಬಿಡಿ' ಎನ್ನಬಹುದಾದದ್ದು ಕಿವುಡ ಮಗುವಿಗೆ ಓದಿನ ತೊಂದರೆಯಾಗಬಹುದು. ಶಿಕ್ಷಕರು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಮಗುವನ್ನು ಎದುರಿಗೆ ಕೂರಿಸಿ. ಟಿಕ್ ಮುಗಿಯುವವರೆಗೆ ಕಾದು ಹೇಳಿದ್ದನ್ನು ಮತ್ತೆ ಹೇಳಿ. ಪಾಠದ ಮುಖ್ಯ ಅಂಶವನ್ನು ಬೋರ್ಡಿನ ಮೇಲೆ ಬರೆಯಿರಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿ. 'ನಿಲ್ಲಿಸು' ಎಂದು ಗದರಬೇಡಿ, ಕೈ ಹಿಡಿಯಬೇಡಿ. ಸನ್ನೆಯಲ್ಲಿ ಮಾತಾಡುವ ಮಗುವಿನ ಕೈ ಹಿಡಿಯುವುದೆಂದರೆ ಅದರ ಬಾಯಿ ಮುಚ್ಚಿದಂತೆ.

ಟಿಕ್‌ನಂತೆ ಕಾಣುವ ಬೇರೆ ತೊಂದರೆಗಳು

ಈ ಕೆಳಗಿನ ಯಾವುದಾದರೂ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಿ:

- ಜ್ವರ, ಗಂಟಲುನೋವು ಅಥವಾ ಕೀಲುನೋವು ಬಂದುಹೋದ ಮೇಲೆ ಕೈಕಾಲು ಕುಣಿದಂತೆ ಎತ್ತೆತ್ತಲೋ ಹೋಗುವುದು, ಕೈಯಲ್ಲಿದ್ದ ವಸ್ತು ಬೀಳುವುದು. ಇದು ರುಮ್ಯಾಟಿಕ್ ಜ್ವರಕ್ಕೆ ಸಂಬಂಧಿಸಿದ ಕೊರಿಯಾ ಇರಬಹುದು. ಹೃದಯದ ಪರೀಕ್ಷೆಯೂ ಬೇಕಾಗುತ್ತದೆ.
- ಚಲನೆಯ ವೇಳೆ ಎಚ್ಚರ ತಪ್ಪುವುದು ಅಥವಾ ಪ್ರತಿಕ್ರಿಯೆ ಇಲ್ಲದಿರುವುದು. ಇದು ಮೂರ್ಛೆರೋಗವಿರಬಹುದು. ಕಿವುಡ ಮಗು ಕರೆದರೆ ತಿರುಗುವುದಿಲ್ಲವಾದ್ದರಿಂದ, ಭುಜ ಮುಟ್ಟಿ ಪರೀಕ್ಷಿಸಿ.
- ದೊಡ್ಡವರಾದ ಮೇಲೆ ಮೊದಲ ಬಾರಿಗೆ ಶುರುವಾದ ಚಲನೆಗಳು.
- ಹೊಸ ಔಷಧ ತೆಗೆದುಕೊಂಡ ಮೇಲೆ ಶುರುವಾದ ಚಲನೆಗಳು.

ಕಾಕ್ಲಿಯರ್ ಇಂಪ್ಲಾಂಟ್ ಇರುವವರಿಗೆ ಎಂಆರ್‌ಐ ಮಾಡಿಸಲು ಯಾರಾದರೂ ಹೇಳಿದರೆ, ಇಂಪ್ಲಾಂಟ್ ಇದೆ ಎಂದು ಮೊದಲೇ ತಿಳಿಸಿ. ಅದರೊಳಗೆ ಅಯಸ್ಕಾಂತ ಇರುತ್ತದೆ. ಸಾಮಾನ್ಯ ಟಿಕ್‌ಗೆ ಸ್ಕ್ಯಾನ್ ಬೇಕಾಗುವುದು ಕಡಿಮೆ.

ಚಿಕಿತ್ಸೆ ಏನು?

ಟಿಕ್‌ನಿಂದ ನೋವು, ಗಾಯ, ಓದಿಗೆ ಅಡ್ಡಿ ಅಥವಾ ಅವಮಾನ ಇಲ್ಲದಿದ್ದರೆ ಚಿಕಿತ್ಸೆಯೇ ಬೇಡ. ತಿಳಿವಳಿಕೆ ಸಾಕು. ಬೇಕಾದಾಗ ಮೊದಲ ಆಯ್ಕೆ ವರ್ತನಾ ತರಬೇತಿ. ಒತ್ತಡ ಹುಟ್ಟುವುದನ್ನು ಗುರುತಿಸಲು ಕಲಿಸಿ, ಆ ಹೊತ್ತಿಗೆ ಟಿಕ್‌ಗೆ ಎದುರಾದ ಬೇರೊಂದು ಚಲನೆ ಮಾಡಿಸುತ್ತಾರೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 9ರಿಂದ 17 ವರ್ಷದ 126 ಮಕ್ಕಳಿದ್ದರು. ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸುಧಾರಿಸಿದರು. ಬರೀ ತಿಳಿವಳಿಕೆ ಮತ್ತು ಆಪ್ತಸಲಹೆ ಪಡೆದ ಗುಂಪಿನಲ್ಲಿ ಸುಧಾರಿಸಿದವರು ಐದರಲ್ಲಿ ಒಬ್ಬರಿಗಿಂತ ಕಡಿಮೆ.

ಕಿವುಡರಿಗೆ ಈ ತರಬೇತಿಯನ್ನು ಹೊಂದಿಸಿಕೊಳ್ಳಬೇಕು. ಕೈಕಟ್ಟಿಕೊಳ್ಳುವುದು, ಮುಷ್ಟಿ ಬಿಗಿಹಿಡಿಯುವುದು ಮುಂತಾದ ಉಪಾಯಗಳು ಅವರ ಮಾತನ್ನೇ ನಿಲ್ಲಿಸುತ್ತವೆ. ಕೈ ಬಿಡುವಾಗಿರುವ ಉಪಾಯವನ್ನು ಹುಡುಕಬೇಕು. ತೀವ್ರವಾಗಿದ್ದರೆ ಕ್ಲೊನಿಡಿನ್, ಅರಿಪಿಪ್ರಜೋಲ್, ರಿಸ್ಪೆರಿಡೋನ್‌ನಂಥ ಔಷಧಗಳನ್ನು ವೈದ್ಯರು ಬರೆದುಕೊಡುತ್ತಾರೆ. ಇವುಗಳಿಗೆ ಅಡ್ಡಪರಿಣಾಮಗಳಿವೆ. ಅಂಗಡಿಯಲ್ಲಿ ಕೇಳಿ ತರುವುದಾಗಲಿ, ಹೇಳದೆ ಕೇಳದೆ ನಿಲ್ಲಿಸುವುದಾಗಲಿ ಬೇಡ. ಟಿಕ್ ಜೊತೆಗೆ ಚಂಚಲತೆಯ ಎಡಿಎಚ್‌ಡಿ ಅಥವಾ ಗೀಳಿನ ಒಸಿಡಿ ಇರುವುದು ಸಾಮಾನ್ಯ. ಎಷ್ಟೋ ಸಲ ಟಿಕ್‌ಗಿಂತ ಅವೇ ಹೆಚ್ಚು ಕಾಡುತ್ತವೆ.

ದಕ್ಷಿಣ ಬೆಂಗಳೂರಿನವರು ಎಲ್ಲಿಗೆ ಹೋಗಬಹುದು?

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವಲ್ಲ. ನರರೋಗ ವಿಭಾಗವೂ ಮಕ್ಕಳ ಮನೋವೈದ್ಯ ವಿಭಾಗವೂ ಅಲ್ಲಿ ಒಂದೇ ಆವರಣದಲ್ಲಿವೆ. ಅದರ ಸಮೀಪವೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಮೊದಲು ಹತ್ತಿರದ ಮಕ್ಕಳ ವೈದ್ಯರಿಗೆ ಅಥವಾ ಜಯನಗರ ಸಾರ್ವಜನಿಕ ಆಸ್ಪತ್ರೆಗೆ ತೋರಿಸಿ, ಅಲ್ಲಿಂದ ಚೀಟಿ ಪಡೆದು ಹೋಗಬಹುದು. ಕಿವಿ ಮತ್ತು ಭಾಷೆಯ ಮೌಲ್ಯಮಾಪನಕ್ಕೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯವರು ಉಚಿತವಾಗಿ ಕರೆ ಮಾಡಬಹುದು.

ಹೋಗುವ ಮುನ್ನ ಇಷ್ಟು ಸಿದ್ಧತೆ ಮಾಡಿಕೊಳ್ಳಿ:

- ಮನೆಯಲ್ಲಿ ಟಿಕ್ ಬಂದಾಗ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ, ಮುಖ ಮತ್ತು ಎರಡೂ ಕೈ ಕಾಣುವಂತೆ. ವೈದ್ಯರ ಎದುರು ಟಿಕ್ ಬರದೇ ಇರಬಹುದು. ಈ ವಿಡಿಯೊ ವೈದ್ಯರಿಗೆ ಮಾತ್ರ, ಗುಂಪುಗಳಿಗಲ್ಲ.
- ಯಾವ ವಯಸ್ಸಿನಲ್ಲಿ ಶುರುವಾಯಿತು, ನಿದ್ದೆಯಲ್ಲಿ ಕಡಿಮೆಯಾಗುತ್ತದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಬರೆದಿಡಿ.
- ಸನ್ನೆ ಭಾಷೆಯ ದುಭಾಷಿ ಬೇಕು ಎಂದು ಮುಂಚೆಯೇ ಕೇಳಿ. ಹದಿಹರೆಯದವರಿಗೆ ಅಮ್ಮನೇ ದುಭಾಷಿಯಾದರೆ, ಬೈಗುಳದ ಟಿಕ್ ಬಗ್ಗೆ ಅವರು ಬಾಯಿಬಿಡುವುದು ಕಷ್ಟ. ಚೀಟಿಯಲ್ಲಿ ಕನ್ನಡ ಬರೆದು ತೋರಿಸಿದರೆ ಸಾಕು ಅಂದುಕೊಳ್ಳಬೇಡಿ. ಸನ್ನೆ ಭಾಷೆಯಲ್ಲಿ ಬೆಳೆದವರಿಗೆ ಬರಹದ ಕನ್ನಡ ಎರಡನೆಯ ಭಾಷೆ.

ನಂಬಿಕೆ ಮತ್ತು ವಾಸ್ತವ

*ದೇವಿ ಮೈಮೇಲೆ ಬಂದಿದೆ, ಗಾಳಿ ಸೋಕಿದೆ.* ಇಲ್ಲ. ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚುವುದು ನಿಮ್ಮ ನಂಬಿಕೆ, ಅದರಿಂದ ಮಗುವಿಗೆ ಹಾನಿಯಿಲ್ಲ. ಆದರೆ ಬೆತ್ತದ ಏಟು, ಬರೆ ಹಾಕುವುದು, ಹೊಗೆ ಕೊಡುವುದು ಹಾನಿಯೇ. ಟಿಕ್ ತಾನಾಗಿಯೇ ಕೆಲವು ವಾರ ಹೆಚ್ಚಾಗಿ, ಕೆಲವು ವಾರ ಕಡಿಮೆಯಾಗುತ್ತದೆ. ಕಡಿಮೆಯಾದ ವಾರ ಏನು ಮಾಡಿದ್ದೆವೋ ಅದರಿಂದಲೇ ಗುಣವಾಯಿತು ಅನ್ನಿಸುವುದು ಇದಕ್ಕೇ.

*ಮೊಬೈಲ್ ನೋಡಿಯೇ ಟಿಕ್ ಬರುತ್ತದೆ.* ಟುರೆಟ್‌ಗೆ ಮೊಬೈಲ್ ಕಾರಣವಲ್ಲ. ನಿದ್ದೆಗೇಡು, ಆತಂಕ, ಉದ್ವೇಗದಿಂದ ಇರುವ ಟಿಕ್ ಹೆಚ್ಚಾಗಬಹುದು. 2020-21ರ ಕೋವಿಡ್ ಕಾಲದಲ್ಲಿ ಹದಿಹರೆಯದವರಲ್ಲಿ ದಿಢೀರನೆ ಟಿಕ್‌ನಂಥ ಚಲನೆಗಳು ಕಾಣಿಸಿಕೊಂಡದ್ದನ್ನು ಹಲವು ದೇಶಗಳ ವೈದ್ಯರು ವರದಿ ಮಾಡಿದ್ದಾರೆ. ಅದು ಬೇರೆಯೇ ತೊಂದರೆ, ಅದರ ಚಿಕಿತ್ಸೆಯೂ ಬೇರೆ. ಅದೂ ನಾಟಕವಲ್ಲ.

*ಗಮನ ಕೊಡದೆ ಬಿಟ್ಟರೆ ಹೋಗುತ್ತದೆ.* ಅರ್ಧ ನಿಜ. ಟಿಕ್ ಬಗ್ಗೆ ಎತ್ತಿ ಆಡದಿರುವುದು ಒಳ್ಳೆಯದು. ಆದರೆ ಮಗುವಿಗೆ ಆಗುತ್ತಿರುವ ಕಷ್ಟವನ್ನು ಕಡೆಗಣಿಸುವುದು ಒಳ್ಳೆಯದಲ್ಲ.

ಫಾರ್ವರ್ಡ್ ಮಾಡುವ ಮುನ್ನ

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವಿರುವವರು ಸುಮಾರು 50.7 ಲಕ್ಷ. ನಿಮಗೆ ಊಟ ತಂದುಕೊಡುವವರಲ್ಲಿ, ಮೆಟ್ರೊದಲ್ಲಿ ಪಕ್ಕ ನಿಂತವರಲ್ಲಿ ಅವರೂ ಇದ್ದಾರೆ. ತಮ್ಮ ಬಗ್ಗೆ ಹರಡಿದ ವಿಡಿಯೊಗೆ 'ಅದು ನಾನು ಬೇಕೆಂದು ಮಾಡಿದ್ದಲ್ಲ' ಎಂದು ಉತ್ತರಿಸಲು ಕಿವುಡರಿಗೆ ಅದೇ ಗುಂಪಿನಲ್ಲಿ ಜಾಗವಿರುವುದಿಲ್ಲ. ಅವರ ಭಾಷೆ ಬಲ್ಲವರೂ ಅಲ್ಲಿ ಕಡಿಮೆ. ಕೆಲಸ ಹೋಗುವುದು, ಬಾಡಿಗೆ ಮನೆ ಬಿಡಬೇಕಾಗುವುದು, ಪೆಟ್ಟು ತಿನ್ನುವುದು ಇಂಥ ವಿಡಿಯೊಗಳಿಂದ ಆಗಬಹುದಾದ ನಷ್ಟ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ಅಂಗವೈಕಲ್ಯವಿರುವ ವ್ಯಕ್ತಿಯನ್ನು ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಉದ್ದೇಶಪೂರ್ವಕವಾಗಿ ಅವಮಾನಿಸುವುದು ಅಪರಾಧ. ಶಿಕ್ಷೆ 6 ತಿಂಗಳಿಂದ 5 ವರ್ಷ ಜೈಲು ಮತ್ತು ದಂಡ.

ಹಾಗಾದರೆ ಎದುರಿಗೇ ಇಂಥದ್ದು ನಡೆದರೆ ಏನು ಮಾಡಬೇಕು? ದಿಟ್ಟಿಸಿ ನೋಡಬೇಡಿ, ನಗಬೇಡಿ, ಮೊಬೈಲ್ ತೆಗೆಯಬೇಡಿ. ಮಾತಾಡುತ್ತಿದ್ದರೆ ಟಿಕ್ ಮುಗಿಯಲು ಬಿಟ್ಟು ಮಾತು ಮುಂದುವರಿಸಿ. ಜಗಳಕ್ಕೆ ತಿರುಗುವಂತಿದ್ದರೆ 'ಅವರಿಗೆ ಕಿವಿ ಕೇಳಿಸುವುದಿಲ್ಲ, ಆರೋಗ್ಯದ ತೊಂದರೆಯೂ ಇರಬಹುದು' ಎಂದು ಸುತ್ತಲಿನವರಿಗೆ ಹೇಳಿ. ಯಾರಾದರೂ ಈಗಾಗಲೇ ವಿಡಿಯೊ ಕಳಿಸಿದ್ದರೆ, ಅದನ್ನು ಮುಂದಕ್ಕೆ ಕಳಿಸದೆ, ಕಳಿಸಿದವರಿಗೇ ಈ ಲೇಖನ ಕಳಿಸಿ.